ಹಗ್ಗ, ಅಡಿಕೆ ಗೋಣಿ, ಎರಡು ದನ

ಕೇಳುಗರಿಗೆಲ್ಲ ನಮಸ್ಕಾರ.

ಜೂನ್ ತಿಂಗಳು. ಕಾಸರಗೋಡಿನ ಕಡೆ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗಿವೆ. ಮನೆಮನೆಯಲ್ಲಿ ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ನಡೆದಿದೆ. ಗಣಿತದ ಪುಸ್ತಕಕ್ಕೂ ಬೈಂಡು ಬಿದ್ದಿದೆ. ಆದರೆ ಆ ಪುಸ್ತಕ ಮುಗಿದ ಮೇಲೆ ನಮ್ಮ ಮಗುವಿಗೆ ಏನೇನು ಬರಬೇಕು? ಇದನ್ನು ಕೇಳುವ ತಂದೆತಾಯಿ ಕಡಿಮೆ. ಎ ಪ್ಲಸ್ ಸಿಗುತ್ತದಾ ಅಂತ ಕೇಳುವವರೇ ಜಾಸ್ತಿ.

ನಾನು ಈ ಗಡಿ ಭಾಗದ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ 29 ವರ್ಷ ಗಣಿತ ಕಲಿಸಿದವಳು. ಬೀಜಗಣಿತ, ಸಂಖ್ಯಾಶಾಸ್ತ್ರ ಅಂದ ಕೂಡಲೇ ಮಕ್ಕಳ ಮುಖ ಬಾಡುವುದನ್ನು ನೋಡಿದ್ದೇನೆ. ಅದೇ ಮುಖ ಅರಳುವುದನ್ನೂ ನೋಡಿದ್ದೇನೆ. ಸೂತ್ರ ಬಾಯಿಪಾಠ ಆದಾಗ ಅರಳಿದ್ದಲ್ಲ ಅದು. ಅಕ್ಷರದ ಹಿಂದೆ ಇರುವ ವಸ್ತು ಕಣ್ಣಿಗೆ ಕಂಡಾಗ ಅರಳಿದ್ದು.

ಒಂದು ದಿನದ ಕತೆ ಹೇಳುತ್ತೇನೆ. ಹತ್ತನೇ ತರಗತಿಗೆ ವರ್ಗ ಸಮೀಕರಣ ಕಲಿಸಬೇಕಿತ್ತು. ಅಲ್ಲಿಯವರೆಗೂ ನಾನು ಮೊದಲು ಸೂತ್ರವನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆ ವರ್ಷ ಹಾಗೆ ಮಾಡಲಿಲ್ಲ. ಬಾವಿಯ ಹಗ್ಗ 40 ಮೀಟರ್ ಅಳೆದು, ನಾಲ್ಕು ಗೂಟ ಹಿಡಿದುಕೊಂಡು, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. "ಈ ಹಗ್ಗದಿಂದ ಆಯತ ಕಟ್ಟಿ. ಒಳಗೆ 75 ಚದರ ಮೀಟರ್ ಜಾಗ ಬರಬೇಕು" ಅಂದೆ. 15ಕ್ಕೆ 5 ಅಂತ ಬೇಗ ಕಂಡುಹಿಡಿದರು. 96 ಬರಬೇಕು ಅಂದೆ. ಸ್ವಲ್ಪ ಹೊತ್ತು ಗೂಟ ಆಚೆ ಈಚೆ ಮಾಡಿ, 12ಕ್ಕೆ 8 ಅಂದರು. ಆಮೇಲೆ 110 ಕೇಳಿದೆ.

ಗೂಟ ಕಿತ್ತರು, ಊರಿದರು. ಉದ್ದ ಜಾಸ್ತಿ ಮಾಡಿದರೆ ಅಗಲ ಸಣ್ಣದಾಗುತ್ತದೆ. ಎರಡನ್ನೂ ಸಮ ಮಾಡಿದರೆ 10ಕ್ಕೆ 10, ಅಂದರೆ 100. ಅದರಿಂದ ಮೇಲೆ ಹೋಗುವುದೇ ಇಲ್ಲ. ಕೊನೆಗೆ ಒಬ್ಬ ಹುಡುಗ ಹಗ್ಗ ಕೆಳಗೆ ಹಾಕಿ ಹೇಳಿದ, "ಟೀಚರ್, ಇದು ಆಗುದಿಲ್ಲ. ಎಷ್ಟು ಮಾಡಿದ್ರೂ ಹಗ್ಗ ಬಿಡುದಿಲ್ಲ."

ಅಷ್ಟಾದ ಮೇಲೆ ಒಳಗೆ ಬಂದು ಬೋರ್ಡಿನ ಮೇಲೆ ಬರೆದೆವು. ಉದ್ದ ಮತ್ತು ಅಗಲ ಕೂಡಿದರೆ 20. ಹಾಗಾದರೆ ಒಂದು 10ಕ್ಕಿಂತ ಸ್ವಲ್ಪ ಹೆಚ್ಚು, ಇನ್ನೊಂದು ಅಷ್ಟೇ ಕಡಿಮೆ. ಆ ಸ್ವಲ್ಪಕ್ಕೆ ಎಕ್ಸ್ ಅಂತ ಹೆಸರಿಟ್ಟೆವು. ಗುಣಿಸಿದರೆ 100ರಿಂದ ಎಕ್ಸ್ ವರ್ಗ ಕಳೆದಷ್ಟು. 96 ಬೇಕಾದರೆ ಎಕ್ಸ್ ವರ್ಗ 4, ಎಕ್ಸ್ 2. ಬದಿಗಳು 12 ಮತ್ತು 8. ಅಂಗಳದಲ್ಲಿ ಸಿಕ್ಕಿದ್ದೇ ಇಲ್ಲಿಯೂ ಸಿಕ್ಕಿತು. 110 ಬೇಕಾದರೆ? ಎಕ್ಸ್ ವರ್ಗ ಮೈನಸ್ 10 ಆಗಬೇಕು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮೈನಸ್ ಬರುತ್ತದೆ? ಬರುವುದಿಲ್ಲ. ಹಗ್ಗ ಯಾಕೆ ಬಿಡಲಿಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಇದೇ ಮಾತನ್ನು ಸುಮಾರು 850ರ ಹೊತ್ತಿಗೆ, ನಮ್ಮ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಹೇಳಿದ್ದಾನೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ. ಮುಂದೆ ಹನ್ನೊಂದನೇ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಹೋದಾಗ ಇದೇ ಮಕ್ಕಳು, ವರ್ಗ ಮಾಡಿದರೆ ಮೈನಸ್ 1 ಬರುವ ಒಂದು ಹೊಸ ಸಂಖ್ಯೆಯನ್ನು ಕಲಿಯುತ್ತಾರೆ. ಹತ್ತನೆಯಲ್ಲಿ ಹಗ್ಗ ಹಿಡಿದ ಮಗುವಿಗೆ ಆ ಹೊಸ ಸಂಖ್ಯೆ ಯಾಕೆ ಬೇಕಾಯಿತು ಅಂತ ತಿಳಿಯುತ್ತದೆ. ಹಿಡಿಯದ ಮಗುವಿಗೆ ಅದು ಆಕಾಶದಿಂದ ಉದುರಿದ ಹಾಗೆ ಅನಿಸುತ್ತದೆ.

ಹಾಗಾದರೆ ಬೀಜಗಣಿತದ ಕಲಿಕೆಯ ಗುರಿ ಏನು? ಎಕ್ಸ್ ಅಂದರೆ ಇಲ್ಲಿ ಏನು ಅಂತ ಮಗು ತನ್ನ ಮಾತಿನಲ್ಲಿ ಹೇಳಬೇಕು. ಸಮೀಕರಣವನ್ನು ತಾನೇ ಕಟ್ಟಬೇಕು, ಬೇರೆಯವರು ಕಟ್ಟಿಕೊಟ್ಟದ್ದನ್ನು ಬಿಡಿಸುವುದು ಮಾತ್ರ ಸಾಲದು. ಉತ್ತರ ಬಂದ ಮೇಲೆ ಅದನ್ನು ಅಂಗಳಕ್ಕೆ ಒಯ್ದು ಸರಿಯಾ ಅಂತ ನೋಡಬೇಕು. ಗ್ರಾಫ್ ಬರೆದಾಗ ಗೆರೆ ಎಲ್ಲಿ ಏರಿತು, ಎಲ್ಲಿ ತಿರುಗಿತು, ಆ ತಿರುವಿಗೆ ಏನು ಅರ್ಥ ಅಂತ ಓದಬೇಕು.

ಇನ್ನೊಂದು, ಏರುವುದರಲ್ಲಿ ಎರಡು ಬಗೆ ಇದೆ ಅಂತ ಗೊತ್ತಿರಬೇಕು. 10,000 ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 12 ಬಡ್ಡಿ. ಸರಳ ಬಡ್ಡಿಯಾದರೆ ವರ್ಷ ವರ್ಷವೂ 1,200 ಕೂಡುತ್ತಾ ಹೋಗುತ್ತದೆ, 12 ವರ್ಷಕ್ಕೆ 24,400. ಚಕ್ರಬಡ್ಡಿಯಾದರೆ ಸುಮಾರು 38,960. ಒಂದರಲ್ಲಿ ಕೂಡುತ್ತಾ ಏರುತ್ತದೆ, ಇನ್ನೊಂದರಲ್ಲಿ ಗುಣಿಸುತ್ತಾ ಏರುತ್ತದೆ. ಚಿನ್ನ ಅಡವಿಡಲು ಹೋಗುವ ಅಮ್ಮನ ಜೊತೆ ಬ್ಯಾಂಕಿಗೆ ಹೋದ ಮಗು ಈ ಪ್ರಶ್ನೆ ಕೇಳುವಂತಾಗಬೇಕು.

ಇನ್ನು ಸಂಖ್ಯಾಶಾಸ್ತ್ರ. ಪರೀಕ್ಷೆಯಲ್ಲಿ ಇದು ಸುಲಭದ ಮಾರ್ಕು ಅಂತ ಎಲ್ಲರೂ ಬೇಗ ಬೇಗ ಮುಗಿಸಿಬಿಡುತ್ತಾರೆ. ನನಗೆ ಇದರ ಬಗ್ಗೆ ತುಂಬ ಬೇಸರ ಇದೆ. ಪೇಪರು, ಟಿವಿ, ಮೊಬೈಲು, ಎಲ್ಲ ಕಡೆ ದಿನಾ ನಮ್ಮ ಮುಂದೆ ಬೀಳುವ ಗಣಿತ ಇದೇ ಅಲ್ವಾ?

ಒಂದು ಲೆಕ್ಕ ಕೇಳಿ. ಒಂದು ಓಣಿಯಲ್ಲಿ ಐದು ಮನೆ. ತಿಂಗಳ ಆದಾಯ 12 ಸಾವಿರ, 14, 15, 16. ಐದನೇ ಮನೆಯ ಮಗ ಗಲ್ಫಿನಲ್ಲಿದ್ದಾನೆ, ಅಲ್ಲಿ 93 ಸಾವಿರ. ಸರಾಸರಿ ತೆಗೆದರೆ 30 ಸಾವಿರ. ಆ ಓಣಿಯಲ್ಲಿ 30 ಸಾವಿರದ ಹತ್ತಿರ ಒಂದು ಮನೆಯೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ 15 ಸಾವಿರ. ಅದು ಮಧ್ಯಾಂಕ. ಎರಡೂ ಲೆಕ್ಕ ಸರಿ. ಆದರೆ ಓಣಿಯವರ ಬದುಕು ಹೇಗಿದೆ ಅಂತ ತಿಳಿಯಬೇಕಾದರೆ ಯಾವುದನ್ನು ಕೇಳಬೇಕು? ಅದನ್ನು ಆರಿಸುವುದೇ ಕಲಿಕೆ.

ನಮ್ಮ ಊರಲ್ಲಿ ಒಳ್ಳೆಯ ಸಂಖ್ಯಾಶಾಸ್ತ್ರಜ್ಞರು ಇದ್ದಾರೆ. ಅಡಿಕೆ ಅಂಗಡಿಯಲ್ಲಿ ನೋಡಬಹುದು. ಗೋಣಿ ಬಿಚ್ಚಿದ ಕೂಡಲೇ ಅವರು ಮೇಲಿನ ಅಡಿಕೆ ನೋಡಿ ರೇಟು ಹೇಳುವುದಿಲ್ಲ. ಮೇಲೆ ಚಂದದ್ದು ಇಟ್ಟಿರಬಹುದು. ಕೈ ಆಳಕ್ಕೆ ಹಾಕುತ್ತಾರೆ. ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ. ಕತ್ತರಿಯಲ್ಲಿ ತುಂಡು ಮಾಡಿ ಒಳಗಿನ ಬಣ್ಣ ನೋಡುತ್ತಾರೆ. ಕಡಿಮೆ ದರ್ಜೆಯ ಪಟೋರ ಎಷ್ಟು, ಕರಿಗೋಟು ಎಷ್ಟು ಅಂತ ಮನಸ್ಸಿನಲ್ಲೇ ಅಂದಾಜು. ಕೆಲವೇ ಅಡಿಕೆಯಿಂದ ಇಡೀ ಗೋಣಿಯ ಸುದ್ದಿ. ಇದಕ್ಕೆ ಪುಸ್ತಕದಲ್ಲಿ ಮಾದರಿ ತೆಗೆಯುವುದು ಅನ್ನುತ್ತಾರೆ. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಮಹಾಲನೋಬಿಸ್, ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಿದ್ದು ಇದೇ ದಾರಿಯಲ್ಲಿ. ಎಲ್ಲ ಗದ್ದೆ ಅಳೆಯಲಿಲ್ಲ. ಯಾರ ಇಷ್ಟಕ್ಕೂ ಬಿಡದೆ ಅಲ್ಲಲ್ಲಿ ಆರಿಸಿದ ತುಂಡುಗಳನ್ನು ಅಳೆದರು. ಅವರ ಹುಟ್ಟಿದ ದಿನ ಜೂನ್ 29. ಆ ದಿನ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ ಆಚರಿಸುತ್ತಾರೆ.

ತರಗತಿಯಲ್ಲಿ ನಾವು ಹುಣಸೆ ಬೀಜದಿಂದ ಇದನ್ನು ಮಾಡಿದೆವು. 200 ಬೀಜ, ಅದರಲ್ಲಿ 50ಕ್ಕೆ ಸುಣ್ಣ ಹಚ್ಚಿದ್ದು. ಚೀಲದಲ್ಲಿ ಹಾಕಿ ಚೆನ್ನಾಗಿ ಕಲಸಿ, ಒಬ್ಬೊಬ್ಬರೂ ನೋಡದೆ 20 ಬೀಜ ತೆಗೆಯಬೇಕು. ಎಣಿಸಿ, ವಾಪಸು ಹಾಕಬೇಕು. ಕಾಲು ಭಾಗ ಬಿಳಿ ಅಂದ ಮೇಲೆ ಪ್ರತಿ ಸಲವೂ 5 ಬರಬೇಕಲ್ಲ? ಬರಲಿಲ್ಲ. ಒಬ್ಬಳಿಗೆ 3, ಒಬ್ಬನಿಗೆ 7, ಕೆಲವರಿಗೆ 4, 6. ಬಂದದ್ದಕ್ಕೆ ಬೋರ್ಡಿನ ಮೇಲೆ ಒಂದೊಂದು ಚುಕ್ಕೆ ಇಟ್ಟೆವು. ತರಗತಿ ಮುಗಿಯುವಾಗ 5ರ ಸುತ್ತ ಚುಕ್ಕೆಗಳ ಸಣ್ಣ ಗುಡ್ಡೆ ಎದ್ದಿತ್ತು, ಎರಡು ಕಡೆಗೂ ಇಳಿಜಾರು. ಆ ಗುಡ್ಡೆ ನೋಡಿದ ಮಗು, ಒಂದೇ ಹಿಡಿ ನೋಡಿ "ಖಂಡಿತ ಇಷ್ಟೇ" ಅಂತ ಹೇಳುವುದಿಲ್ಲ. "ಸುಮಾರು ಇಷ್ಟರಿಂದ ಇಷ್ಟರೊಳಗೆ" ಅನ್ನುತ್ತದೆ. ಚುನಾವಣೆಯ ಸಮೀಕ್ಷೆ ಓದುವಾಗಲೂ ಹಾಗೇ ಓದುತ್ತದೆ.

ಜುಲೈಯಲ್ಲಿ ಕೊಡೆ ಜಾಸ್ತಿ ಮಾರಾಟವಾಗುತ್ತದೆ. ತೋಟದಲ್ಲಿ ಕೊಳೆರೋಗವೂ ಜಾಸ್ತಿ. ಎರಡೂ ಒಟ್ಟಿಗೆ ಏರುತ್ತವೆ ಅಂತ ಕೊಡೆಯಿಂದ ಅಡಿಕೆ ಉದುರುತ್ತದಾ? ಎರಡಕ್ಕೂ ಮಳೆಯೇ ಕಾರಣ. ಮದ್ದು ಬಿಡಬೇಕಾದ್ದು ಗೊನೆಗೆ. ಆದರೆ ಇದೇ ತಪ್ಪು ಊರಿನ ಹೆಸರು, ಜಾತಿಯ ಹೆಸರು ಹಾಕಿಕೊಂಡು ಮೊಬೈಲಿನಲ್ಲಿ ಬಂದಾಗ ದೊಡ್ಡವರೇ ನಂಬಿಬಿಡುತ್ತಾರೆ. ಒಟ್ಟಿಗೆ ಏರಿದ್ದೆಲ್ಲ ಒಂದರಿಂದ ಒಂದಾದದ್ದಲ್ಲ. ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ಇಷ್ಟು ತಿಳಿದಿರಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ, ಅದನ್ನು ಹೇಳದಿದ್ದರೆ ಆಗುವುದಿಲ್ಲ. ಹತ್ತರವರೆಗೆ ಕನ್ನಡದಲ್ಲಿ ಕಲಿಯುತ್ತಾರೆ. ಪ್ಲಸ್ ವನ್‌ನಲ್ಲಿ ಗಣಿತದ ಪುಸ್ತಕ ಇಂಗ್ಲಿಷಿನದ್ದು. ಕೆಲವು ಕಡೆ ಟೀಚರ್ ವಿವರಿಸುವುದು ಮಲಯಾಳದಲ್ಲಿ. ಮಧ್ಯಾಂಕ ಒಂದೇ ರಾತ್ರಿಯಲ್ಲಿ ಮೀಡಿಯನ್ ಆಗುತ್ತದೆ. ಸಂಭವನೀಯತೆ ಪ್ರಾಬಬಿಲಿಟಿ ಆಗುತ್ತದೆ. ಗೊತ್ತಿರುವ ಲೆಕ್ಕವೇ ಗುರುತು ಸಿಗದ ಹಾಗೆ ಬಟ್ಟೆ ಬದಲಿಸಿ ಬಂದು ನಿಲ್ಲುತ್ತದೆ. ಜಾಣ ಮಕ್ಕಳು ಕೂಡ ಆ ಮೊದಲ ಮೂರು ತಿಂಗಳಲ್ಲಿ "ನನಗೆ ಗಣಿತ ಬರುವುದಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಗಣಿತ ಬರುತ್ತದೆ. ಬಾರದೆ ಇರುವುದು ಅದರ ಹೊಸ ಹೆಸರು ಮಾತ್ರ.

ಅದಕ್ಕೇ ನಾನು ಹತ್ತನೇ ತರಗತಿಯಲ್ಲೇ ಒಂದು ನೋಟ್‌ಬುಕ್ ಮಾಡಿಸುತ್ತಿದ್ದೆ. ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ಕನ್ನಡದ ಹೆಸರು, ಎರಡನೆಯದರಲ್ಲಿ ಇಂಗ್ಲಿಷ್ ಹೆಸರು. ಮೂರನೆಯದರಲ್ಲಿ ತನಗೆ ಅರ್ಥವಾದದ್ದು, ಯಾವ ಭಾಷೆಯಲ್ಲಾದರೂ ಸರಿ, ತುಳುವಿನಲ್ಲಾದರೂ ಸರಿ.

ಬದಿಯಡ್ಕದ ಕಡೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿಯ ನೋಟ್‌ಬುಕ್ ನನಗೆ ಈಗಲೂ ನೆನಪಿದೆ. ಅವಳ ಮನೆಯಲ್ಲಿ ಎರಡು ದನ, ಕೆಂಪಿ ಮತ್ತು ಕಪ್ಪಿ. ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗುವವಳು ಅವಳೇ. ಐದು ದಿನದ ಲೆಕ್ಕ ಬರೆದುಕೊಂಡು ಬಂದಿದ್ದಳು. ಕೆಂಪಿ 7, 8, 8, 8, 9 ಲೀಟರ್. ಕಪ್ಪಿ 4, 6, 8, 10, 12. ಇಬ್ಬರದೂ ಸರಾಸರಿ 8. "ಟೀಚರ್, ಸರಾಸರಿ ಒಂದೇ, ಆದ್ರೆ ಕಪ್ಪಿಯನ್ನು ನಂಬ್ಲಿಕ್ಕಾಗುದಿಲ್ಲ. ಇದನ್ನು ಹೇಳ್ಲಿಕ್ಕೆ ಲೆಕ್ಕ ಇಲ್ವಾ?" ಅಂತ ಕೇಳಿದಳು. ಇದೆ ಅಂದೆ. 8ರಿಂದ ಎಷ್ಟೆಷ್ಟು ದೂರ ಹೋಯಿತು ಅಂತ ನೋಡಿ, ವರ್ಗ ಮಾಡಿ, ಅವುಗಳ ಸರಾಸರಿ ತೆಗೆದು, ವರ್ಗಮೂಲ ತೆಗೆದೆವು. ಕೆಂಪಿಗೆ ಸುಮಾರು 0.63, ಕಪ್ಪಿಗೆ ಸುಮಾರು 2.83. ಅದು ಮುಂದಿನ ವರ್ಷದ ಪಾಠ. ಅವಳು ಕೇಳಿದ್ದರಿಂದ ಆವತ್ತೇ ಆಯಿತು.

ಮರುದಿನ ನೋಟ್‌ಬುಕ್ ನೋಡಿದೆ. ಮೊದಲ ಕಾಲಂನಲ್ಲಿ ಮಾನಕ ವಿಚಲನೆ. ಎರಡನೆಯದರಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್. ಮೂರನೆಯದರಲ್ಲಿ ಒಂದೇ ಪದ ಬರೆದಿದ್ದಳು, "ಕಪ್ಪಿ."

ನಮಸ್ಕಾರ.