ಪರಿಹಾರ ಬಂತು, ಶಿಕ್ಷೆ ಎಲ್ಲಿ? ವಿಷವಸ್ತು ಕಾನೂನುಗಳೂ ನಮ್ಮ ಎಣ್ಮಕಜೆಯೂ
(ಪೆರ್ಲದಲ್ಲಿ ನೀಡಿದ ಉಪನ್ಯಾಸ)

ಹಿರಿಯರೇ, ತಾಯಂದಿರೇ, ಬಂಧುಗಳೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಈ ಪೆರ್ಲದಲ್ಲಿ ನಿಂತು ಎಂಡೋಸಲ್ಫಾನ್ ಎಂಬ ಕೀಟನಾಶಕ ಎಂದರೇನು ಎಂದು ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ, ಚಹಾ ಸೊಳ್ಳೆ ಎಂಬ ಗೇರಿನ ಕೀಟವನ್ನು ಕೊಲ್ಲಲೆಂದು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟರು. ಕೆಳಗೆ ತೋಡಿತ್ತು, ಗುಡ್ಡ ಕೊರೆದು ತೆಗೆದ ಸುರಂಗದ ಕುಡಿಯುವ ನೀರಿತ್ತು, ಮೇಯುವ ದನಗಳಿದ್ದವು, ಶಾಲೆಗೆ ಹೋಗುವ ಮಕ್ಕಳಿದ್ದರು. ವಾಣೀನಗರದ ಡಾ. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆಯವರು ಬರೆದು ಬರೆದು ಇದರಿಂದ ಜನರಿಗಾದ ಹಾನಿಯನ್ನು ಹೊರಜಗತ್ತಿಗೆ ತಿಳಿಸಿದರು. ವಕೀಲನಾದ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಗ ಕಾನೂನು ಇರಲಿಲ್ಲವೇ?

ಇತ್ತು. 1968ರ ಕೀಟನಾಶಕ ಕಾಯ್ದೆ ಇತ್ತು, 1971ರ ನಿಯಮಗಳಿದ್ದವು. ಆ ನಿಯಮಗಳ ಪೈಕಿ 43ನೆಯದು ಆಕಾಶದಿಂದ ಮದ್ದು ಬಿಡುವುದಕ್ಕೆಂದೇ ಬರೆದದ್ದು. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಜಾಗದ ಗಡಿ ಗುರುತಿಸಬೇಕು, ಒಪ್ಪಿಗೆ ಸಿಕ್ಕಿದ ಎತ್ತರದಿಂದಲೇ ಸಿಂಪಡಿಸಬೇಕು, ಸಂಬಂಧವಿಲ್ಲದ ಮನುಷ್ಯರೂ ಜಾನುವಾರುಗಳೂ ಇಂತಿಷ್ಟು ಕಾಲ ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು. ಗುಡ್ಡದ ನೆತ್ತಿಯಲ್ಲಿ ಗೇರು ತೋಟ, ಕೆಳಗಿನ ಕಣಿವೆಯಲ್ಲಿ ಮನೆಗಳು. ಸ್ವರ್ಗ, ಪಡ್ರೆಯ ಈ ಭೂಮಿಯನ್ನು ಕಣ್ಣಾರೆ ಕಂಡವರು ಯಾರಾದರೂ ಆ ನಿಯಮವನ್ನು ಇಲ್ಲಿ ಪಾಲಿಸಲು ಸಾಧ್ಯವಿತ್ತೆಂದು ಹೇಳಿಯಾರೇ?

ಹಾಗಾದರೆ ಮೊಕದ್ದಮೆ ಏಕೆ ಹೂಡಲಿಲ್ಲ? ಕಾಯ್ದೆಯ 31ನೇ ಕಲಂ ನೋಡಿ. ರಾಜ್ಯ ಸರ್ಕಾರದ, ಇಲ್ಲವೇ ಅದು ಅಧಿಕಾರ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಈ ಕಾಯ್ದೆಯಡಿ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ. ಇಲ್ಲಿ ಮದ್ದು ಬಿಡಿಸಿದ್ದು ಈ ಗೇರು ತೋಟಗಳನ್ನು ನಡೆಸುವ, ಕೇರಳ ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್. ಒಪ್ಪಿಗೆ ಕೊಡಬೇಕಾದದ್ದೂ ಸರ್ಕಾರವೇ. ನಮ್ಮ ಜಿಲ್ಲೆಯ ದುರಂತದ ಬೇರು ಈ ಒಂದು ಕಲಮಿನಲ್ಲಿದೆ ಎಂದು ನಾನು ನಂಬಿದ್ದೇನೆ. ಇದರ ಜೊತೆಗೆ 38ನೇ ಕಲಂ ಇದೆ. ತಾನು ಸಾಗುವಳಿ ಮಾಡುವ ಭೂಮಿಯಲ್ಲಿ ಕೀಟನಾಶಕ ಬಳಸುವವನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ಅಡಿಕೆಗೆ ಮದ್ದು ಬಿಡುವ ಬಡ ಕೃಷಿಕನ ಅಂಗಳಕ್ಕೆ ಇನ್‌ಸ್ಪೆಕ್ಟರ್ ಬಂದು ನಿಲ್ಲಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಸಾವಿರಾರು ಎಕರೆ ತೋಟವಿರುವವರೂ ಅದೇ ನೆರಳಿನಲ್ಲಿ ನಿಲ್ಲಲು ದಾರಿ ಬಿಟ್ಟದ್ದು ತಪ್ಪು.

ಕೊನೆಗೆ ತಡೆ ತಂದದ್ದು ಪ್ರಜೆಗಳೇ. ಪೆರಿಯದ ಲೀಲಾಕುಮಾರಿ ಅಮ್ಮ, ಸ್ವತಃ ಕೃಷಿ ಇಲಾಖೆಯ ನೌಕರೆ, ನಮ್ಮ ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದು, 2022ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅಂದರೆ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ. ಹಾಸಿಗೆ ಬಿಟ್ಟೇಳಲಾಗದ ಮಗುವಿನ ತಾಯಿ ದೆಹಲಿಗೆ ಹೋಗಬೇಕಿತ್ತೇ? ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಆದರೂ ಇದೆಲ್ಲ ಪರಿಹಾರದ ಮಾತು. ಆ ಹಣ ಬಂದದ್ದು ಬೊಕ್ಕಸದಿಂದ, ಅಂದರೆ ನಮ್ಮ ನಿಮ್ಮ ತೆರಿಗೆಯಿಂದ. ತಪ್ಪು ಮಾಡಿದವನ ಕೈಯಿಂದ ಏನೂ ಹೋಗದಿದ್ದರೆ ಅದನ್ನು ಶಿಕ್ಷೆ ಎನ್ನಲಾಗದು.

ಅಂಗಡಿಯ ವಿಷಯಕ್ಕೆ ಬರೋಣ. ಪರವಾನಗಿಯಿಲ್ಲದೆ ಮಾರಿದರೆ, ಸುಳ್ಳು ಲೇಬಲ್ ಹಚ್ಚಿ ಮಾರಿದರೆ, 29ನೇ ಕಲಮಿನ ಪ್ರಕಾರ ಮೊದಲ ಸಲ ಎರಡು ವರ್ಷದವರೆಗೆ ಜೈಲು, ಅಥವಾ 10 ಸಾವಿರದಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ. ಓದಲು ಕಠಿಣವಾಗಿಯೇ ಇದೆ. ಆದರೆ ಕೋರ್ಟಿನಲ್ಲಿ ಕೇಸುಗಳು ಬಿದ್ದುಹೋಗುವುದು ಬಾಟಲಿಯ ಮೇಲಿನ ಒಂದು ತಾರೀಖಿನಿಂದ, ಮದ್ದಿನ ಅವಧಿ ಮುಗಿಯುವ ತಾರೀಖಿನಿಂದ. ಇನ್‌ಸ್ಪೆಕ್ಟರ್ ಸ್ಯಾಂಪಲ್ ತೆಗೆದು ಮೂರು ಪಾಲು ಮಾಡಿ, ಒಂದನ್ನು ಅಂಗಡಿಯವನಿಗೇ ಕೊಡಬೇಕು. ಪ್ರಯೋಗಾಲಯದ ವರದಿ ಬಂದ ಮೇಲೆ 28 ದಿನದೊಳಗೆ ಅದನ್ನು ಪ್ರಶ್ನಿಸಿ, ಕೇಂದ್ರ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಕೇಳುವ ಹಕ್ಕು ಆರೋಪಿಗಿದೆ. ಇಲಾಖೆ ಫೈಲು ಇಟ್ಟುಕೊಂಡು ಕೂತು, ಮದ್ದಿನ ಅವಧಿ ಮುಗಿದ ಮೇಲೆ ಕೋರ್ಟಿಗೆ ಹೋದರೆ ಮರುಪರೀಕ್ಷೆ ಮಾಡುವುದು ಏನನ್ನು? ಹರಿಯಾಣದ ಇಂಥದ್ದೇ ಪ್ರಕರಣವನ್ನು 1999ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಮುಂದುವರಿಸಲು ಬಿಡಲಿಲ್ಲ. ಆರೋಪಿಯ ಹಕ್ಕು ಕಾಪಾಡಿದ್ದು ಸರಿ. ತಡಮಾಡಿದ ಅಧಿಕಾರಿಯನ್ನು ಕೇಳುವವರು ಯಾರು?

1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗಿನ ಜೈಲಿತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷದವರೆಗಿನ ದಂಡ ಇಟ್ಟಿತು. ದೊಡ್ಡ ಕಂಪೆನಿಗೆ 15 ಲಕ್ಷ ಒಂದು ಖರ್ಚು ಅಷ್ಟೆ. ಜೈಲಿನ ಭಯ ಹೋದದ್ದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೈಯಲ್ಲಿರುವುದನ್ನೂ ಹೇಳುತ್ತೇನೆ. ಲೇಬಲ್ ಮತ್ತು ಕರಪತ್ರ ಹಿಂದಿ, ಇಂಗ್ಲಿಷಿನ ಜೊತೆ ಆ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರಬೇಕೆಂದು ನಿಯಮವಿದೆ. ಮಂಜೇಶ್ವರದಿಂದ ಬದಿಯಡ್ಕದವರೆಗೆ ನಮ್ಮ ಮನೆಯ ಹಿರಿಯರು ಓದುವುದು ಕನ್ನಡ. ಕನ್ನಡ ಲೇಬಲ್ ಇಲ್ಲದಿದ್ದರೆ ಕೃಷಿ ಭವನದಲ್ಲಿ ಲಿಖಿತವಾಗಿ ಕೇಳಿ. ಗಡಿಯಾಚೆಯಿಂದ ಮದ್ದು ತಂದರೂ ಬಿಲ್ ತೆಗೆದುಕೊಳ್ಳಿ, ಬ್ಯಾಚ್ ನಂಬರ್ ಬರೆದಿಡಿ. ಹಳೆಯ ಡಬ್ಬಿ, ಬ್ಯಾರಲ್ ಎಲ್ಲಾದರೂ ಹೂತದ್ದು ಕಂಡರೆ ಮುಟ್ಟಬೇಡಿ. ಫೋಟೋ ತೆಗೆದು, ಪಂಚಾಯತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಿ. ಬಾಯಿಮಾತಿನ ದೂರು ದೂರೇ ಅಲ್ಲ. ಮೊಹರು ಬಿದ್ದ, ತಾರೀಖಿರುವ ಪ್ರತಿ ನಿಮ್ಮ ಕೈಯಲ್ಲಿರಬೇಕು. ಏಕೆಂದರೆ ಪರಿಸರದ ಮೊಕದ್ದಮೆಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಐದು ವರ್ಷದ ಮಿತಿಯಿದೆ, ಅದು ಕಾರಣ ಹುಟ್ಟಿದ ದಿನದಿಂದ ಲೆಕ್ಕ. ಅಪಘಾತದಿಂದ ಆದ ಹಾನಿಯಾದರೆ ಅಲ್ಲಿ ಎದುರಾಳಿಯ ತಪ್ಪನ್ನು ನೀವು ಸಾಬೀತುಪಡಿಸಬೇಕಾಗಿಲ್ಲ. ನಮ್ಮ ಭಾಗದ ಅರ್ಜಿ ಹೋಗುವುದು ಚೆನ್ನೈಯ ದಕ್ಷಿಣ ಪೀಠಕ್ಕೆ. ಅರ್ಜಿ ಬರೆಯುವುದು ಹೇಗೆಂದು ಕೇಳುವವರಿದ್ದರೆ ಈಗ ಕೇಳಿ, ಕೂತು ಮಾತಾಡೋಣ.