ಪೆಟ್ಟಿಗೆ ಆಮೇಲೆ, ಜಾಗ ಮೊದಲು

ಅಧ್ಯಕ್ಷರೇ, ವಾಚನಾಲಯದ ಕಮಿಟಿಯವರೇ, ಈ ಮಳೆಯಲ್ಲೂ ಕೊಡೆ ಹಿಡಿದು ಬಂದ ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದದ್ದು ಯಾವ ಸ್ಪೀಕರ್ ತರಬೇಕು ಅಂತ ಹೇಳಲಿಕ್ಕೆ. ಸಂಗತಿ ನಿಮಗೆ ಗೊತ್ತುಂಟು. ಊರಿನ ಹಿರಿಯರೊಬ್ಬರ ಮನೆಯವರು ಅವರ ಯಕ್ಷಗಾನದ ಕ್ಯಾಸೆಟ್ಟು, ರೆಕಾರ್ಡು, ಆಂಪ್ಲಿಫೈಯರ್, ಇಲ್ಲಿ ಕಾಣುವ ಈ ಎರಡು ಸ್ಪೀಕರ್ ಪೆಟ್ಟಿಗೆ ಎಲ್ಲ ಇಲ್ಲಿಗೆ ಕೊಟ್ಟಿದ್ದಾರೆ. ಇದೇ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಕೂತು ಕೇಳುವ ಏರ್ಪಾಡು ಮಾಡಬೇಕು ಅಂತ ಕಮಿಟಿಗೆ ಆಸೆ. ಆದರೆ ಪೆಟ್ಟಿಗೆ ಹಳೆಯದು, ಸ್ವರ ಗುಂಯ್ ಅನ್ನುತ್ತದೆ, ಹೊಸದು ತರೋಣ ಅಂತ 40,000 ರೂಪಾಯಿ ಎತ್ತಿಟ್ಟಿದ್ದಾರೆ. ನಾನು ಹೇಳುವುದು ಇಷ್ಟೇ: ಆ ದುಡ್ಡು ಸದ್ಯಕ್ಕೆ ಮುಟ್ಟಬೇಡಿ. ನೋಡಿ, ಖಜಾಂಚಿಯವರೊಬ್ಬರೇ ನಗುತ್ತಾ ಇದ್ದಾರೆ.

ಈ ಮೈಕ್ ಆಗಿನಿಂದ ಕೂಗ್ತಾ ಉಂಟಲ್ಲ, ಅದರಿಂದಲೇ ಸುರು ಮಾಡುತ್ತೇನೆ. ಮೈಕ್ ಹಾಳಾದದ್ದಲ್ಲ. ಅದರ ಮುಖದ ಎದುರಿಗೇ ಸ್ಪೀಕರ್ ಇಟ್ಟಿದ್ದಾರೆ. ಪೆಟ್ಟಿಗೆಯಿಂದ ಬಂದ ಸ್ವರ ಪುನಃ ಮೈಕಿಗೆ ಹೋಗುತ್ತದೆ, ಅಲ್ಲಿಂದ ಪುನಃ ಪೆಟ್ಟಿಗೆಗೆ. ನಾನು ಮೈಕ್ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತೆ. ಈಗ? ನಿಂತಿತು. ಒಂದು ಪೈಸೆ ಖರ್ಚಾಗಲಿಲ್ಲ. ಪೆಟ್ಟಿಗೆ ಆಮೇಲೆ, ಜಾಗ ಮೊದಲು.

ಇದನ್ನು ನಾನು ಕಲಿತದ್ದು ನನ್ನ ಸೋದರಮಾವನ ಮನೆಯಲ್ಲಿ. ಈ ಕಥೆ ಮೊದಲೇ ಕೇಳಿದವರು ಇಲ್ಲಿ ನಾಲ್ಕೈದು ಜನ ಇದ್ದಾರೆ. ಅವರು ಬೇಕಾದರೆ ಚಾ ಕುಡಿದು ಬನ್ನಿ.

ಒಂದು ವರ್ಷ ಮಾವನ ಅಡಿಕೆಗೆ ಒಳ್ಳೆ ಕ್ರಯ ಸಿಕ್ಕಿತು. ಮಂಗಳೂರಿಗೆ ಹೋಗಿ ಸೊಂಟದೆತ್ತರದ ಎರಡು ಪೆಟ್ಟಿಗೆ ತಂದರು. ಜೀಪಿನಲ್ಲಿ ತಂದದ್ದು, ಹಾಸಿಗೆ ಸುತ್ತಿ, ಬಾಳಂತಿಯನ್ನು ತಂದ ಹಾಗೆ. ಚಾವಡಿಯ ಎರಡು ಮೂಲೆಗೆ ಒತ್ತಿ ಇಟ್ಟರು. ನಡೆದಾಡಲಿಕ್ಕೆ ಜಾಗ ಬೇಕಲ್ವಾ? ರಾತ್ರಿ ಊಟ ಆದ ಮೇಲೆ ಪ್ರಸಂಗದ ಕ್ಯಾಸೆಟ್ ಹಾಕಿದರು. ಚೆಂಡೆ ಕೊಟ್ಟಿಗೆಯವರೆಗೂ ಕೇಳಿತು, ದನ ಎದ್ದು ನಿಂತಿತು. ಆದರೆ ಭಾಗವತರು ಏನು ಹಾಡುತ್ತಾರೆ ಅಂತ ಮಾತ್ರ ಯಾರಿಗೂ ತಿಳಿಯಲಿಲ್ಲ. ಬಾವಿಯ ಒಳಗೆ ಇಳಿದು ಪದ ಹೇಳಿದ ಹಾಗೆ. ಮದ್ದಳೆಯ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಯಿತು.

ಮಾವ ಅಂಗಡಿಗೆ ಹೋದರು. ಅಂಗಡಿಯ ಹೆಸರು ಬೇಡ. ಆಂಪ್ಲಿಫೈಯರ್ ಸಣ್ಣದಾಯಿತು ಅಂದರು. ಬದಲಿಸಿದರು. ವಯರ್ ಸಪೂರ ಆಯಿತು ಅಂದರು. ಅದನ್ನೂ ಬದಲಿಸಿದರು. ಕೊನೆಗೆ ಪೆಟ್ಟಿಗೆಯನ್ನೇ ಬದಲಿಸಿ ಇನ್ನೂ ದೊಡ್ಡದು ಬಂತು. ದೊಡ್ಡದು ಬಂದ ಮೇಲೆ ಗುಂಯ್ ಅನ್ನುವುದೂ ದೊಡ್ಡದಾಯಿತು.

ಹೀಗಿರುವಾಗ ಮಳೆಗಾಲ ಬಂತು. ಉಗ್ರಾಣದ ಮಾಡು ಸೋರಿತು. ಅತ್ತೆ ಚಾಲಿ ಅಡಿಕೆಯ ಗೋಣಿಗಳನ್ನೆಲ್ಲ ಚಾವಡಿಯ ಎರಡು ಮೂಲೆಯಲ್ಲಿ ಪೇರಿಸಿದರು. ಆ ರಾತ್ರಿ ಕ್ಯಾಸೆಟ್ ಹಾಕಿದಾಗ ಅತ್ತೆ ಅಡುಗೆ ಮನೆಯಿಂದ ಕೈ ಒರೆಸುತ್ತಾ ಬಂದರು. "ಇವತ್ತು ಭಾಗವತರ ಪದ ಬಿಡಿಸಿ ಕೇಳ್ತದಲ್ಲ!"

ಮಾವನಿಗೆ ಜ್ಞಾನೋದಯ ಆಯಿತು. ಅಡಿಕೆ ಗುಂಯ್ ಅನ್ನುವುದನ್ನು ಕುಡಿಯುತ್ತದೆ! ಎರಡು ತಿಂಗಳು ಅಡಿಕೆ ಮಾರಲಿಲ್ಲ. ಅತ್ತೆ ಕೇಳಿದರೆ "ಕ್ರಯ ಏರಲಿ" ಅಂದರು. ಕ್ರಯ ಇಳಿಯಿತು. ಸುಮ್ನೆ ಕೂತು ಪದ ಕೇಳಿದರು. ಕೊನೆಗೆ ವಿಧಿ ಇಲ್ಲದೆ ಮಾರಿದರು, ಗೋಣಿ ಹೊರಗೆ ಹೋಯಿತು. ಆ ರಾತ್ರಿ ಹೆದರುತ್ತಾ ಕ್ಯಾಸೆಟ್ ಹಾಕಿದರು. ಪದ ಹಾಗೇ ಬಿಡಿಸಿ ಕೇಳಿತು. ಗುಂಯ್ ಇಲ್ಲ.

ಅಡಿಕೆ ಹೋದರೂ ಸ್ವರ ಕೆಡಲಿಲ್ಲ ಯಾಕೆ? ಮಾವ ತಲೆ ಕೆರೆದುಕೊಂಡರು, ನಾನೂ ಕೆರೆದುಕೊಂಡೆ. ಉತ್ತರ ಸಿಕ್ಕಿದ್ದು ದುರ್ಗಾಪೂಜೆಯ ದಿನ. ಮಂಡಲ ಬರೆಯಲಿಕ್ಕೆ ಜಾಗ ಬೇಕು ಅಂತ ಪೆಟ್ಟಿಗೆಗಳನ್ನು ಪುನಃ ಮೂಲೆಗೆ ನೂಕಿದರು. ಮರುದಿನ ಗುಂಯ್ ವಾಪಸ್ಸು! ಅಂದರೆ ಗೋಣಿ ಮಾಡಿದ ಉಪಕಾರ ಒಂದೇ. ಮೂಲೆಯಲ್ಲಿ ತಾನು ಕೂತು ಪೆಟ್ಟಿಗೆಯನ್ನು ಮೂರು ಅಡಿ ಮುಂದೆ ದಬ್ಬಿತ್ತು. ಮೂರು ಸಲ ಅಂಗಡಿಗೆ ದುಡ್ಡು ಸುರಿದು ಸಿಗದೆ ಇದ್ದದ್ದು ಮೂರು ಅಡಿಯಲ್ಲಿ ಸಿಕ್ಕಿತು.

ಕಾರಣ ಸರಳ. ಕೀರಲು ಸ್ವರ ಟಾರ್ಚಿನ ಬೆಳಕಿನ ಹಾಗೆ ಎದುರಿಗೆ ಹೋಗುತ್ತದೆ. ತಗ್ಗಿನ ಸ್ವರ ಹಾಗಲ್ಲ, ಪೆಟ್ಟಿಗೆಯ ಸುತ್ತಲೂ ಹರಡುತ್ತದೆ. ಹಿಂದೆ ಗೋಡೆ ಇದ್ದರೆ ಹಿಂದೆ ಹೋದದ್ದೂ ಮುಂದೆಯೇ ಬರುತ್ತದೆ. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ, ಮೂರೂ ಸೇರಿ ದಬ್ಬುತ್ತವೆ. ಇನ್ನೊಂದು ಸಂಗತಿ ಕೋಣೆಯದ್ದು. ಸ್ವರ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಈ ಕೋಣೆಯ ಅಗಲ 14 ಅಡಿ, ಬೆಳಿಗ್ಗೆ ನಾನೇ ಅಳೆದೆ. ಲೆಕ್ಕ ಹಾಕಿದರೆ ಸುಮಾರು 40 ಹರ್ಟ್ಜ್‌ನ ಸ್ವರ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವಂಥದ್ದು, ಈ ಎರಡು ಗೋಡೆಗಳ ನಡುವೆ ಉಯ್ಯಾಲೆ ಆಡುತ್ತದೆ. ಅದರ ಎರಡು ಪಟ್ಟಿನದ್ದು, ಅಂದರೆ 80, ಅದೂ ಆಡುತ್ತದೆ. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಒಂದು ಬೆರಳು ತಾಗಿಸಿದರೂ ಸಾಕಲ್ಲ, ಹಾಗೆ. ಲಕ್ಷ ರೂಪಾಯಿಯ ಪೆಟ್ಟಿಗೆ ತಂದರೂ ಈ 14 ಅಡಿ 15 ಆಗುವುದಿಲ್ಲ. ಕೋಣೆಯೂ ಒಂದು ಪೆಟ್ಟಿಗೆಯೇ, ನಾವು ಅದರ ಒಳಗೆ ಕೂತಿದ್ದೇವೆ ಅಷ್ಟೆ.

ಈಗ ಪೆಟ್ಟಿಗೆಯ ಮಾತು. ಯಾವತ್ತಾದರೂ ಕೊಳ್ಳಲೇಬೇಕಲ್ಲ, ಆಗ ಏನು ನೋಡಬೇಕು?

ನೋಡಬಾರದು, ಕೇಳಬೇಕು. ಇದು ಚಮತ್ಕಾರದ ಮಾತಲ್ಲ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಅಂತ ಒಬ್ಬರು ವರ್ಷಗಟ್ಟಲೆ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಗೆ ಕೇಳಿಸಿದರು. ಯಾವುದು ಅಂತ ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಒಂದೇ ಬಗೆಯದ್ದು. ತಗ್ಗು, ನಡು, ಏರು ಯಾವುದನ್ನೂ ಜಾಸ್ತಿ ಮಾಡದೆ ಸಮವಾಗಿ ಕೊಡುವಂಥದ್ದು, ಪಕ್ಕದಲ್ಲಿ ಕೂತವನಿಗೂ ಹಾಗೇ ಕೇಳುವಂಥದ್ದು. 1994ರಲ್ಲಿ ಅವರೂ ಶಾನ್ ಆಲಿವ್ ಅನ್ನುವವರೂ ಸೇರಿ ಪರದೆ ತೆಗೆದೂ ಕೇಳಿಸಿ ನೋಡಿದರು. ಪೆಟ್ಟಿಗೆ ಕಂಡ ಕೂಡಲೇ ಅದೇ ಜನರ ಅಂಕಗಳು ಬದಲಾದವು. ನಮಗೇನು, ತೆರೆ ಹಿಡಿಯುವುದು ಹೊಸತಾ? ಅಂಗಡಿಗೆ ಹೋಗುವಾಗ ಒಂದು ಶಾಲು ತೆಗೆದುಕೊಂಡು ಹೋಗಿ. ಅವರು ನಗಲಿ.

ಅಂಗಡಿಯಲ್ಲಿ ಇನ್ನೊಂದು ಉಪಾಯ ಮಾಡುತ್ತಾರೆ. ಮಾರಬೇಕಾದ್ದನ್ನು ಒಂಚೂರು ಜೋರಾಗಿ ಇಡುತ್ತಾರೆ. ಎರಡರಲ್ಲಿ ಸ್ವಲ್ಪ ಜೋರಿದ್ದದ್ದೇ ಕಿವಿಗೆ ಚಂದ. ಎರಡನ್ನೂ ಒಂದೇ ಮಟ್ಟದಲ್ಲಿ ಕೇಳಿಸಿ ಅಂತ ಹಠ ಹಿಡಿಯಿರಿ.

ಕೇಳುವುದು ಏನನ್ನು? ಅವರು ಹಾಕುವ ಧಡಾಂ ಧುಡೂಂ ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಮಾತು ಹಾಕಿಸಿ. ತಾಳಮದ್ದಳೆಯ ಅರ್ಥ, ಅಂದರೆ ಕೂತು ಹೇಳುವ ಮಾತುಗಾರಿಕೆ, ಆದರೆ ಇನ್ನೂ ಒಳ್ಳೆಯದು. ಸ, ಶ, ಷ ಬೇರೆ ಬೇರೆ ಕೇಳಬೇಕು. 'ಸ'ದ ಸೀಟಿ ಬಹಳ ಮೇಲೆ, ನಾಲ್ಕೈದು ಸಾವಿರ ಹರ್ಟ್ಜ್ ದಾಟಿ ಇರುತ್ತದೆ. 'ಶ'ದ್ದು ಅದಕ್ಕಿಂತ ಕೆಳಗೆ. ಅದು ಟ್ವೀಟರಿನ, ಅಂದರೆ ಪೆಟ್ಟಿಗೆಯಲ್ಲಿ ಏರು ಸ್ವರ ಕೊಡುವ ಸಣ್ಣ ಸ್ಪೀಕರಿನ ಕೆಲಸ. ಶಂಕರ ಹೋಗಿ ಸಂಕರ ಆದರೆ ಆ ಪೆಟ್ಟಿಗೆ ಬೇಡ. ನಮ್ಮ ಕಾಸರಗೋಡು ಸಪ್ತಭಾಷೆಯ ಊರು ಅಂತ ನಾವು ಭಾಷಣದಲ್ಲಿ ಹೇಳಿಕೊಳ್ಳುತ್ತೇವಲ್ಲ, ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮಲಯಾಳದವರು ಮಳೆಗೆ ಹೇಳುವ ಶಬ್ದದಲ್ಲಿ ಒಂದು ಅಕ್ಷರ ಉಂಟು, ನಮ್ಮ ಹಳಗನ್ನಡದ ೞ. ನಾವು ಕಳೆದುಕೊಂಡದ್ದನ್ನು ಅವರು ಇಟ್ಟುಕೊಂಡಿದ್ದಾರೆ. ಅದು 'ಳ' ಆಗಿ ಕೇಳಿದರೆ ಪೆಟ್ಟಿಗೆ ಸುಳ್ಳು ಹೇಳುತ್ತಾ ಉಂಟು ಅಂತ ಲೆಕ್ಕ. ಈ ಪರೀಕ್ಷೆ ಬೆಂಗಳೂರಿನವರಿಗೆ ಸಾಧ್ಯ ಇಲ್ಲ.

ಆಮೇಲೆ ಚೆಂಡೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಚೆಂಡೆ ಕೇಳಿಸದ ಪೆಟ್ಟಿಗೆ ಇಟ್ಟುಕೊಂಡು ಏನು ಮಾಡುವುದು? ಕೋಲು ತಾಗಿದ ಕ್ಷಣದ ಚುರುಕು ಮೊದಲು ಕೇಳಬೇಕು, ಆಮೇಲೆ ಚರ್ಮದ ಸ್ವರ. ಬರೇ ಧಬ್ ಅಂದರೆ ಅದು ಚೆಂಡೆಯಲ್ಲ, ಹಾಸಿಗೆ ಕೊಡವುವುದು.

ವ್ಯಾಟಿನ ವಿಷಯ ಹೇಳದಿದ್ದರೆ ಯುವಕರು ಬಿಡುವುದಿಲ್ಲ. ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದ ಡಬ್ಬಿಗಳು ಬರುತ್ತಿದ್ದವು. ಅದು ನಿಜ ಆಗಿದ್ದರೆ ಒಂದು ಪದ್ಯಕ್ಕೆ ಇಡೀ ಪಂಚಾಯತಿನ ಕರೆಂಟು ಹೋಗಬೇಕಿತ್ತು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದಕ್ಕಿಂತಲೂ ಮುಖ್ಯ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಅನ್ನುವುದು. ಒಂದು ಪೆಟ್ಟಿಗೆಯದ್ದು 87 ಡೆಸಿಬೆಲ್, ಇನ್ನೊಂದರದ್ದು 90 ಅಂತ ಇಟ್ಟುಕೊಳ್ಳಿ. ಮೂರೇ ತಾನೇ ವ್ಯತ್ಯಾಸ ಅನ್ನಬೇಡಿ. ಅಷ್ಟೇ ಜೋರಿಗೆ ಮೊದಲಿನದಕ್ಕೆ ಎರಡು ಪಟ್ಟು ವ್ಯಾಟ್ ಬೇಕು. ಸಣ್ಣ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ಒದ್ದಾಡಿಸಿದರೆ ಸ್ವರ ಒಡೆಯುತ್ತದೆ, ಸುಟ್ಟುಹೋಗುವುದು ಪಾಪದ ಟ್ವೀಟರ್. ಜಾತ್ರೆಗೆ ತೆಂಗಿನಮರಕ್ಕೆ ಕಟ್ಟುವ ಕೊಳವೆ ಹಾರ್ನ್ ಉಂಟಲ್ಲ, ಅದು ಒಂದೇ ವ್ಯಾಟಿಗೆ ಊರು ಎಬ್ಬಿಸುತ್ತದೆ. ಅದನ್ನು ಚಾವಡಿಯಲ್ಲಿ ಕಟ್ಟುತ್ತೀರಾ?

ಚೀಟಿ ಬಂತು. ಇನ್ನು ಹತ್ತೇ ನಿಮಿಷ ಅಂತೆ. ಬರೆದುಕೊಂಡು ಬಂದದ್ದರಲ್ಲಿ ಇನ್ನೂ ಅರ್ಧ ಬಾಕಿ ಉಂಟು. ಎರಡು ಸ್ಪೀಕರ್ ಯಾಕೆ, 1931ರಲ್ಲಿ ಲಂಡನಿನಲ್ಲಿ ಬ್ಲಮ್‌ಲೈನ್ ಅನ್ನುವ ಎಂಜಿನಿಯರ್ ಸ್ಟೀರಿಯೋ ಕಂಡುಹಿಡಿದದ್ದು ಹೇಗೆ ಅಂತ ಒಂದು ಒಳ್ಳೆ ಕಥೆ ಇತ್ತು, ಬಿಡುತ್ತೇನೆ. ಅಡಿಕೆ ಗೋಣಿಯೇ ಜಾಸ್ತಿ ಹೊತ್ತು ತಿಂದಿತು.

ಈ ಪೆಟ್ಟಿಗೆ ಹಳೆಯದು ಅಂದರಲ್ಲ, ಮೊನ್ನೆ ನಾನು ಬಟ್ಟೆ ಮುಸುಕು ತೆಗೆದು ನೋಡಿದೆ. ವೂಫರಿನ, ಅಂದರೆ ತಗ್ಗಿನ ಸ್ವರ ಕೊಡುವ ದೊಡ್ಡ ಸ್ಪೀಕರಿನ ಕಾಗದದ ಕೋನು ಗಟ್ಟಿ ಉಂಟು. ಅದರ ಸುತ್ತ ಇರುವ ಫೋಮಿನ ಅಂಚು ಮಾತ್ರ ಬೆರಳು ತಾಗಿಸಿದರೆ ಒದ್ದೆ ಅವಲಕ್ಕಿಯ ಹಾಗೆ ಕೈಗೇ ಬಂತು. ನಮ್ಮ ಹವೆಯಲ್ಲಿ ಹದಿನೈದು ಇಪ್ಪತ್ತು ವರ್ಷಕ್ಕೆ ಫೋಮ್ ಹಾಗೇ ಆಗುವುದು. ರಬ್ಬರಿನ ಅಂಚು ಇದ್ದರೆ ಹೆಚ್ಚು ಬಾಳುತ್ತದೆ, ಹೊಸದು ಕೊಳ್ಳುವಾಗ ಅದನ್ನು ಕೇಳಿ. ಇದಕ್ಕೆ ಅಂಚು ಮಾತ್ರ ಬದಲಿಸಿ ಅಂಟಿಸಬಹುದು, ಪೆಟ್ಟಿಗೆ ಎಸೆಯಬೇಕಾಗಿಲ್ಲ. ಬಲಗಡೆಯದ್ದರ ಹಿಂದಿನ ತೂತಿನಲ್ಲಿ, ಗಾಳಿ ಹೋಗುವ ಕೊಳವೆ ಅದು, ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹೆಬ್ಬೆರಳಿನಷ್ಟು ದಪ್ಪ, ನುಣ್ಣಗೆ ಬಳಿದ ಹಾಗೆ. ಪಕ್ಕದಲ್ಲಿ ಹಲ್ಲಿಯ ಎರಡು ಮೊಟ್ಟೆ. ಎಡಗಡೆಯದ್ದು ಬೇರೆ ಸ್ವರ, ಬಲಗಡೆಯದ್ದು ಬೇರೆ ಸ್ವರ ಯಾಕೆ ಅಂತ ಕೇಳಿದಿರಲ್ಲ. ಇನ್ನು ಮೇಲೆ ಕೇಳದಿರುವಾಗ ಆ ತೂತಿಗೆ ಬಟ್ಟೆ ತುರುಕಿ. ಕೇಳುವಾಗ ತೆಗೆಯಲಿಕ್ಕೆ ಮರೆಯಬೇಡಿ.

ಬಾಕಿ ಬೇಗ ಬೇಗ ಹೇಳುತ್ತೇನೆ. ವಯರಿಗೆ ದುಡ್ಡು ಸುರಿಯಬೇಡಿ. ಮನೆ ವಯರಿಂಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ ತಾಮ್ರದ್ದು ಈ ಕೋಣೆಗೆ ಧಾರಾಳ. ಕೆಂಪು ಕಪ್ಪು ಎರಡೂ ಕಡೆ ಒಂದೇ ರೀತಿ ಸಿಕ್ಕಿಸಿ. ಒಂದರಲ್ಲಿ ಅದಲು ಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮದ್ದಳೆ ಮಾಯ ಆಗುತ್ತದೆ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ, ಕೆಳಗೆ ಗಟ್ಟಿ ಸ್ಟೂಲ್ ಇಡಿ. ಆ ಹೂವಿನ ಕುಂಡವನ್ನು ಪೆಟ್ಟಿಗೆಯ ಮೇಲಿಂದ ಇಳಿಸಿ, ದಯವಿಟ್ಟು. ತುಲಾ ತಿಂಗಳ ಸಿಡಿಲಿಗೆ ಸ್ವಿಚ್ ಆಫ್ ಮಾಡುವುದು ಸಾಲದು, ಪ್ಲಗ್ಗನ್ನೇ ತೆಗೆಯಿರಿ.

ಪುಸ್ತಕದ ಕಪಾಟುಗಳನ್ನು ಎರಡು ಪಕ್ಕದ ಗೋಡೆಗೆ ತನ್ನಿ. ಬರೀ ಗೋಡೆಗೆ ಬಡಿದ ಸ್ವರ ನೇರ ವಾಪಸು ಬರುತ್ತದೆ, ಒಂದು ಹಿಂದೆ ಒಂದು ಮುಂದೆ ನಿಂತ ಪುಸ್ತಕಗಳಿಗೆ ಬಡಿದದ್ದು ಚದುರುತ್ತದೆ. ಎಲ್ಲಿ ಇಡಬೇಕು ಅಂತ ತಿಳಿಯಲಿಕ್ಕೆ ಒಂದು ಕೈಗನ್ನಡಿ ಸಾಕು. ಒಬ್ಬರು ಕುರ್ಚಿಯಲ್ಲಿ ಕೂರಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ತಾಗಿಸಿ ಸರಿಸುತ್ತಾ ಹೋಗಿ. ಕನ್ನಡಿಯಲ್ಲಿ ಟ್ವೀಟರ್ ಎಲ್ಲಿ ಕಾಣುತ್ತದೋ ಅಲ್ಲೇ ಕಪಾಟು. ಇಲ್ಲಿಯ ಕನ್ನಡ ಪುಸ್ತಕಗಳನ್ನು ಯಾರೂ ತೆಗೆಯುವುದಿಲ್ಲ ಅಂತ ಗ್ರಂಥಪಾಲಕರು ಪ್ರತಿ ವರದಿಯಲ್ಲಿ ಬರೆಯುತ್ತಾರೆ. ಈ ವರ್ಷ ಅವಕ್ಕೆ ಒಂದು ಹೊಸ ಕೆಲಸ ಸಿಕ್ಕಿತು ಅಂತ ಬರೆಯಬಹುದು. ಹಾಗೇ ಇನ್ನೊಂದು, ಈಗ ನೀವು ಇಷ್ಟು ಜನ ಕೂತಿರುವಾಗ ಒಂದು ಸ್ವರ, ಖಾಲಿ ಆದಾಗ ಬೇರೆ. ಮನುಷ್ಯರೂ ಸ್ವರ ಹೀರುತ್ತಾರೆ. ಹಾಗಾಗಿ ವಾರವಾರ ಬನ್ನಿ.

ಎರಡನೇ ಚೀಟಿ. ಆಯಿತು, ಆಯಿತು. ಮಾತು ಸಾಕು. ಎದುರಿನ ಸಾಲಿನ ಇಬ್ಬರು ಯುವಕರು ಇತ್ತ ಬನ್ನಿ. ಕ್ಯಾಸೆಟ್ ಹಾಕಿ, ಪೆಟ್ಟಿಗೆ ಈಗ ಇರುವ ಮೂಲೆಯಲ್ಲೇ ಒಂದು ಪದ ಕೇಳೋಣ. ಆಮೇಲೆ ಎರಡನ್ನೂ ಮೂರು ಅಡಿ ಮುಂದೆ ತನ್ನಿ, ಅದೇ ಪದ ಪುನಃ. ಎತ್ತುವಾಗ ತಳಕ್ಕೆ ಕೈ ಕೊಡಿ, ಮುಂದಿನ ಬಟ್ಟೆಗಲ್ಲ. ಖಜಾಂಚಿಯವರೇ, ನೀವು ನಡುವಿನ ಕುರ್ಚಿಗೆ ಬನ್ನಿ. ಕಣ್ಣು ಮುಚ್ಚಿ.