ಅಂತರ್ಜಾಲದ ವೇಗವೂ ಜನನ ಪ್ರಮಾಣವೂ

ಕೇಳುಗರಿಗೆ ನಮಸ್ಕಾರ.

ಅಂತರ್ಜಾಲ ವೇಗವಾಗಿರುವ ದೇಶಗಳ ಪಟ್ಟಿಯನ್ನೂ ಮಕ್ಕಳು ಕಡಿಮೆ ಹುಟ್ಟುತ್ತಿರುವ ದೇಶಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹಲವು ಹೆಸರುಗಳು ಎರಡರಲ್ಲೂ ಸಿಗುತ್ತವೆ. ವೇಗದ ಸಂಪರ್ಕಕ್ಕೆ ಹೆಸರಾದ ದಕ್ಷಿಣ ಕೊರಿಯಾದಲ್ಲಿ ಒಟ್ಟು ಫಲವತ್ತತೆ ದರ, ಎಂದರೆ ಒಬ್ಬ ಮಹಿಳೆಗೆ ಜೀವಮಾನದಲ್ಲಿ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 2023ರಲ್ಲಿ ಕೇವಲ 0.72 ಇತ್ತು. ಸಂಪರ್ಕ ದುರ್ಬಲವಾಗಿರುವ ನೈಜರ್‌ನಲ್ಲಿ ಅದು ಆರರ ಆಸುಪಾಸಿನಲ್ಲಿದೆ. ಇಷ್ಟನ್ನೇ ಹಿಡಿದು, ಮೊಬೈಲ್ ಬಂದದ್ದರಿಂದಲೇ ಮನೆಗೊಂದು ಮಗು ಎಂಬಂತಾಯಿತು ಎನ್ನುವ ಮಾತು ನಮ್ಮ ಕೋಲಾರದ ಮದುವೆ ಛತ್ರಗಳಲ್ಲಿಯೂ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ.

ಕಾಲಕ್ರಮವನ್ನು ಗಮನಿಸಿ. ಜನಸಂಖ್ಯೆ ಸ್ಥಿರವಾಗಿ ಉಳಿಯಲು ಬೇಕಾದ ದರ ಸುಮಾರು 2.1. ಕೊರಿಯಾವೂ ನಮ್ಮ ನೆರೆಯ ಕೇರಳವೂ 1980ರ ದಶಕದಲ್ಲಿಯೇ ಅದಕ್ಕಿಂತ ಕೆಳಗಿಳಿದವು. ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರಲ್ಲಿ. ಅಗ್ಗದ ಡೇಟಾ ಹಳ್ಳಿಹಳ್ಳಿಗೆ ಹರಿದದ್ದು 2016ರ ಕೊನೆಯಿಂದೀಚೆಗೆ. ಆದರೆ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗಾಗಲೇ ಕರ್ನಾಟಕದ ದರ 1.8ಕ್ಕೆ ಬಂದಿತ್ತು, 2019-21ರಲ್ಲಿ 1.7 ಆಯಿತು. ಇಳಿಕೆಯ ಬಹುಭಾಗ ಮೊಬೈಲಿಗಿಂತ ಮೊದಲೇ ಮುಗಿದಿತ್ತು.

ಆ ಇಳಿಕೆಯನ್ನು ಸಾಧಿಸಿದವರು ನಮ್ಮ ತಾಯಂದಿರು. ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ನೀಡಿತ್ತೆಂಬುದು ಹೆಮ್ಮೆಯ ಸಂಗತಿಯೇ. ಆದರೂ ಎರಡನೆಯ ಹೆರಿಗೆಯಾದೊಡನೆ ತಾಲ್ಲೂಕು ಆಸ್ಪತ್ರೆಯಲ್ಲಿ 'ಆಪರೇಷನ್' ಮಾಡಿಸಿಕೊಂಡು, ಹಸಿ ಹೊಲಿಗೆಯ ನೋವಿನಲ್ಲಿಯೇ ಮನೆಗೆ ಮರಳಿ, ಇದ್ದ ಮಕ್ಕಳನ್ನು ಪಿಯುಸಿವರೆಗಾದರೂ ಓದಿಸಬೇಕೆಂದು ಹಟ ಹಿಡಿದ ಆ ಹೆಂಗಸರ ಪಾಲು ಅದಕ್ಕಿಂತ ದೊಡ್ಡದು. ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಹುಟ್ಟಿದ ಮಗು ಉಳಿಯುತ್ತದೆಂಬ ಭರವಸೆ, ಕೈಗೆ ಬಂದ ಸಂಬಳ: ಇವು ಬೆಳೆದ ನಾಡಿನಲ್ಲಿ ಮಕ್ಕಳೂ ಕಡಿಮೆಯಾಗುತ್ತಾರೆ, ಅಂತರ್ಜಾಲವೂ ಬೇಗ ಬರುತ್ತದೆ.

ಉತ್ತಮ ಸಂಪರ್ಕವಿದ್ದೂ ಇಸ್ರೇಲಿನಲ್ಲಿ ದರ ಮೂರರ ಸಮೀಪದಲ್ಲಿದೆ. ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನವಂತೂ, ಬ್ರಾಡ್‌ಬ್ಯಾಂಡ್ ಬಂದ ಮೇಲೆ ಹೆಚ್ಚು ಓದಿದ ಮಹಿಳೆಯರಲ್ಲಿ ಹೆರಿಗೆ ತುಸು ಹೆಚ್ಚಿತೆಂದು ಕಂಡುಕೊಂಡಿತು. ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಅವರಿಗೆ ಒದಗಿತ್ತು. ನರಸಾಪುರದ ಕಾರ್ಖಾನೆಗಳಿಗೆ ಪಾಳಿಯ ಬಸ್ಸು ಹತ್ತುವ ನಮ್ಮ ಹೆಣ್ಣುಮಕ್ಕಳಿಗೆ ಆ ಅನುಕೂಲವಿಲ್ಲ. ಇನ್ನೊಂದು ಮಗುವಿನ ಮಾತು ಬಂದಾಗ ಅವರು ಕೇಳುವುದು, ರಾತ್ರಿ ಪಾಳಿಯಲ್ಲಿ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು.